ಮೂರನೆಯ ಏಟು

ಪರಕೀಯರು ಗಂಟುಮೂಟೆ ಕಟ್ಟಿಕೊಂಡು ಹೋಗಿ ವರ್ಷ ತುಂಬುತ್ತ ಬಂದಿದ್ದರೂ, ಹೊಸ ದೇಶಕ್ಕೆ ಸಂವಿಧಾನ ಬರೆಯಲು ಕೂತ ಮಹಾಸಭೆ ಇನ್ನೂ ಮೊದಲ ಸಾಲನ್ನೇ ದಾಟಿರಲಿಲ್ಲ. ಅದು ‘ದೇವರ ಹೆಸರಿನಲ್ಲಿ’ ಎಂದು ಶುರುವಾಗಬೇಕೆಂದು ಅರ್ಧ ಸಭೆ, ‘ಜನರ ಹೆಸರಿನಲ್ಲಿ’ ಎಂದು ಇನ್ನರ್ಧ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಮುಂದಿನ ಸಾಲುಗಳಲ್ಲಿ ಬರಬೇಕಾಗಿದ್ದ ಅನ್ನ, ನೀರು, ಶಾಲೆಗಳನ್ನು ಕೇಳುವವರೇ ಇರಲಿಲ್ಲ.

ಸಭಾಂಗಣದ ಮೇಲೆ ಗಾಜಿನ ಗೂಡಿನಂಥ ಕೋಣೆಯಲ್ಲಿ ಮೈಕಿನವನು ಕೂರುತ್ತಿದ್ದ. ಊರಿಗೆಲ್ಲ ಅವನ ಹೆಸರೇ ಅದಾಗಿತ್ತು. ಸಿಟ್ಟು ಬಂದಾಗ ಹೆಂಡತಿಯೂ ಹಾಗೇ ಕರೆಯುತ್ತಿದ್ದಳು. ಎದುರಿಗೆ ಬಿಸಿಯಾಗಿ ಗುಂಯ್‌ಗುಟ್ಟುವ ಆಂಪ್ಲಿಫೈಯರ್, ಪಕ್ಕದಲ್ಲಿ ಎರಡು ಸ್ವಿಚ್ಚು. ಒಂದು ಸಭೆಯ ಒಳಗಿನ ಸ್ಪೀಕರುಗಳಿಗೆ, ಇನ್ನೊಂದು ಹೊರಗೆ ಚೌಕದ ಕಂಬಗಳಿಗೆ ಕಟ್ಟಿದ ಹಾರ್ನುಗಳಿಗೆ. ಚರ್ಚೆಯ ಪ್ರತಿ ಮಾತೂ ಜನರಿಗೆ ಕೇಳಲಿ ಎಂಬುದು ಸಭಾಧ್ಯಕ್ಷರ ಆಸೆ. ಒಳ್ಳೆಯ ಆಸೆಯೇ. ಆದರೆ ಪೊಲೀಸರು ಚೌಕದ ನಡುವೆ ಹಗ್ಗ ಕಟ್ಟಿ, ದೇವರ ಕಡೆಯವರನ್ನು ಎಡಕ್ಕೂ ಜನರ ಕಡೆಯವರನ್ನು ಬಲಕ್ಕೂ ನಿಲ್ಲಿಸಿದ್ದರು. ಆವರೆಗೆ ಒಂದೇ ಅಂಗಡಿಯಲ್ಲಿ ಟೀ ಕುಡಿದವರು ಆ ಹಗ್ಗ ಬಂದ ಮೇಲೆ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

ಎಡಗಡೆ, ಹಗ್ಗಕ್ಕೆ ಹೊಟ್ಟೆ ತಾಗುವಷ್ಟು ಮುಂದೆ, ಮೈಕಿನವನ ಅಣ್ಣ ದಿನಾ ನಿಲ್ಲುತ್ತಿದ್ದ. ಕಮ್ಮಾರ. ಅಪ್ಪ ಅಮ್ಮ ಒಂದೇ ಜ್ವರಕ್ಕೆ ಹೋದ ಮೇಲೆ ತಮ್ಮನನ್ನು ಸಾಕಿದ್ದು, ಓದಿಸಿದ್ದು, ಹೆಣ್ಣು ನೋಡಿ ಮದುವೆ ಮಾಡಿಸಿದ್ದು ಎಲ್ಲ ಅವನೇ. ಆ ದಿನಗಳಲ್ಲಿ ನನ್ನ ಕೈ ಹಿಡಿದವನು ದೇವರೊಬ್ಬನೇ, ಅವನನ್ನು ಕಾನೂನಿನಿಂದ ಹೊರಗಿಟ್ಟರೆ ಉಂಡ ಮನೆಗೆ ಎರಡು ಬಗೆದಂತೆ ಎನ್ನುತ್ತಿದ್ದ. ನನ್ನ ಕೈ ಹಿಡಿದವನು ನೀನು, ನಾನು ಕಂಡದ್ದು ನಿನ್ನನ್ನೇ ಎಂದು ತಮ್ಮ ವಾದಿಸುತ್ತಿದ್ದ. ರಾತ್ರಿ ಉಂಡ ತಟ್ಟೆ ಒಣಗುವ ತನಕ ಜಗಳ. ಕೈ ತೊಳೆದ ಮೇಲೆ ಇಬ್ಬರೂ ಒಂದೇ ಸಿಗರೇಟು ಹಂಚಿಕೊಂಡು ಸೇದುತ್ತಿದ್ದರು.

ಅಂದು ಮಧ್ಯಾಹ್ನ ಸಿಡಿಲು ಎಂದೇ ಅಡ್ಡಹೆಸರಿದ್ದ ಸದಸ್ಯ ಮಾತಿಗೆ ಎದ್ದ. ಜನರ ಕಡೆಯವನು, ಎಲುಬಿಲ್ಲದ ನಾಲಿಗೆ. ದೇವರ ಹೆಸರು ಹೇಳಿಕೊಂಡು ಪರಕೀಯರ ಬೂಟು ನೆಕ್ಕಿದವರು ಯಾರು ಯಾರು ಎಂದು ಬೆರಳು ಮಡಚಿ ಹೇಳತೊಡಗಿದ. ಮೈಕಿನವನು ಕಿಟಕಿಯಿಂದ ಚೌಕ ನೋಡಿದ. ಎಡಗಡೆಯವರೆಲ್ಲ ಮುಂದೊತ್ತಿ ಹಗ್ಗ ಬಿಲ್ಲಿನಂತೆ ಬಾಗಿತ್ತು, ಅದರ ಮೇಲೆ ಅಣ್ಣ. ಬಲಗಡೆಯವರ ಕೈಯಲ್ಲಿ ಕಲ್ಲುಗಳಿದ್ದವು. ಇನ್ನೊಂದು ಬೈಗುಳ ಹೊರಗೆ ಕೇಳಿದರೆ ಮೊದಲ ಕಲ್ಲು ಬೀಳುವುದು ಅಣ್ಣನ ತಲೆಗೇ. ಮೈಕಿನವನು ಯಾರನ್ನೂ ಕೇಳದೆ ಹೊರಗಿನ ಸ್ವಿಚ್ಚು ಆರಿಸಿದ.

ಹಗ್ಗ ಸಡಿಲಾಯಿತು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ ಎಂದುಕೊಂಡು ಅವನು ಬೆವರು ಒರೆಸಿಕೊಂಡ. ಅಷ್ಟರಲ್ಲಿ ಒಳಗೆ ಅಧ್ಯಕ್ಷರು ಸಿಡಿಲನ್ನು ಕೂರಿಸಿದ ಮೇಲೆ, ದೇವರ ಕಡೆಯ ಹಿರಿಯ, ಎಲ್ಲರೂ ಅಜ್ಜ ಎನ್ನುತ್ತಿದ್ದವರು, ಉತ್ತರಕ್ಕೆ ಎದ್ದರು. ಮಧ್ಯೆ ಮಧ್ಯೆ ಸಿಡಿಲು ಹಾರಿ ಬೀಳುತ್ತಲೇ ಇದ್ದ. ಅವನು ತೆಪ್ಪಗಾಗಲಿ, ಆಮೇಲೆ ಸ್ವಿಚ್ಚು ಹಾಕೋಣ ಎಂದು ಮೈಕಿನವನು ಕಾದ. ಅಜ್ಜ ಮಾತಾಡುತ್ತಿದ್ದಾರೆಂಬ ಸುದ್ದಿ ಬಾಗಿಲ ಬಳಿಯವರ ಬಾಯಿಂದ ಚೌಕಕ್ಕೆ ಮುಟ್ಟಿತು. ಹಾರ್ನು ಮಾತ್ರ ಸತ್ತಿತ್ತು. ಬೈಗುಳವೆಲ್ಲ ಕೇಳಿಸಿದರು, ದೇವರ ಸರದಿ ಬಂದಾಗ ಬಾಯಿ ಹೊಲಿದರು ಎಂದು ಯಾರೋ ಕೂಗಿದರು. ಮಾತು ಬೆಳ್ಳಿ, ಮೌನ ಬಂಗಾರ ಎಂದವನು ಆ ಹೊತ್ತು ಆ ಚೌಕದಲ್ಲಿ ನಿಂತಿರಲಿಲ್ಲ.

ಹಗ್ಗ ಹರಿಯಿತು. ಕಲ್ಲು ಬಂದವು, ಅವಕ್ಕೆ ಉತ್ತರವಾಗಿ ಕಬ್ಬಿಣ ಬಂತು. ಟೀ ಅಂಗಡಿಯವನ ತಲೆಯ ಮೇಲೆ ಅವನದೇ ಬೆಂಚು ಬಿತ್ತು. ಬಿದ್ದವನನ್ನು ಎರಡೂ ಕಡೆಯವರು ತುಳಿದರು. ಹಾರ್ನಿನ ಕಂಬವೊಂದು ಉರುಳಿ ಇಬ್ಬರು ಪೊಲೀಸರು ಅದರಡಿ ಸಿಕ್ಕರು, ಅವರನ್ನು ಎಳೆದು ತೆಗೆಯುವ ಬದಲು ಜನ ಲಾಠಿ ಕಿತ್ತುಕೊಂಡು ಅವರಿಗೇ ಬಾರಿಸಿದರು. ಮೆಟ್ಟಿಲ ಕಾವಲಿಗಿದ್ದ ಜವಾನನನ್ನು ಎತ್ತಿ ಕಟಕಟೆಯಾಚೆ ಎಸೆದರು. ಅವನು ಕೆಳಗಿನ ಕಲ್ಲುಹಾಸಿಗೆ ಬಿದ್ದ ಸದ್ದು ಗಾಜಿನ ಕೋಣೆಗೂ ಕೇಳಿತು.

ಮೈಕಿನವನು ಬಾಗಿಲಿಗೆ ಮೇಜು ಒತ್ತಿ ಹಿಡಿದ. ಅದು ಎಷ್ಟು ಹೊತ್ತಿನ ಮಾತು? ಬಾಗಿಲು ಒಡೆಯಿತು, ಎಲ್ಲರಿಗಿಂತ ಮುಂದೆ ಸಲಾಕೆ ಹಿಡಿದು ಒಳಗೆ ಬಂದವನು ಅಣ್ಣ. ಹಿಂದೆ ಮೆಟ್ಟಿಲ ತುಂಬ ಜನ, ಮುಂದಿನವನ ಕೈಯಲ್ಲಿ ಹಸಿ ನೆತ್ತರ ಮಚ್ಚು. ಸ್ವಿಚ್ಚಿನ ಮೇಲೆ ಕೈಯಿರುವುದು ತಮ್ಮನದೆಂದು ಅಣ್ಣನಿಗೆ ಮೊದಲೇ ಗೊತ್ತಿತ್ತು. ಆದರೆ ಅಪ್ಪಣೆ ಬೇರೆಯವರದಿರುತ್ತದೆ ಎಂಬ ನಂಬಿಕೆಯಲ್ಲೇ ಮೆಟ್ಟಿಲು ಹತ್ತಿದ್ದ.

“ಅಧ್ಯಕ್ಷರು ಮುಚ್ಚು ಅಂದ್ರಾ?” ಎಂದ. ಹೂಂ ಅನ್ನು ಸಾಕು ಎಂದು ಕಣ್ಣು ಬೇಡುತ್ತಿತ್ತು.

ಹೂಂ ಎಂದರೆ ಆ ಮಚ್ಚು ಸಭೆಯಿಂದ ಓಡಿಬಂದು ಪಕ್ಕದ ಕೋಣೆಯಲ್ಲಿ ಅಡಗಿದ್ದ ಮುದುಕ ಅಧ್ಯಕ್ಷರ ಕಡೆ ತಿರುಗುತ್ತಿತ್ತು.

“ಯಾರೂ ಹೇಳಿಲ್ಲಣ್ಣ. ನಾನೇ ಆರಿಸಿದೆ. ನಿನಗೆ ಕಲ್ಲು ಬೀಳುತ್ತೆ ಅಂತ.”

ಕೊನೆಯ ಮಾತು ಗದ್ದಲದಲ್ಲಿ ಮುಳುಗಿತು. ಮಚ್ಚಿನವನು ನುಗ್ಗಿದ. ಅಣ್ಣ ಅವನನ್ನು ಮೊಣಕೈಯಿಂದ ಹಿಂದಕ್ಕೆ ತಳ್ಳಿ, ಇವನು ನನ್ನ ತಮ್ಮ, ಇವನನ್ನು ನಾನೇ ನೋಡಿಕೊಳ್ಳುತ್ತೇನೆ, ಯಾರೂ ಮುಟ್ಟಕೂಡದು ಎಂದು ಗುಡುಗಿದ.

ಮೊದಲ ಏಟು ತೊಡೆಗೆ ಬಿತ್ತು. ಸದ್ದು ದೊಡ್ಡದು, ಎಲುಬು ಉಳಿಯಿತು. ಕಾದ ಕಬ್ಬಿಣಕ್ಕೆ ಎಷ್ಟು ಬೇಕೋ ಅಷ್ಟೇ ಹೊಡೆಯುವ ಕೈ ಅದು. ಎರಡನೆಯದು ಭುಜದ ಮಾಂಸಕ್ಕೆ. ಮೈಕಿನವನಿಗೆ ಅರ್ಥವಾಯಿತು. ಅಣ್ಣ ತನ್ನನ್ನು ಉಳಿಸುತ್ತಿದ್ದಾನೆ! ನೋವಿಗಿಂತ ಹೆಚ್ಚಾಗಿ ಕಿರುಚಿ, ಸತ್ತೆನೆಂಬಂತೆ ಮೇಜಿನ ಮೇಲೆ ಒರಗಿದ. ಅಂಥ ಹೊತ್ತಿನಲ್ಲೂ ಅವನಿಗೆ ಅಣ್ಣನ ಮೇಲೆ ಪ್ರೀತಿ ಉಕ್ಕಿತು.

ಮೂರನೆಯ ಏಟು ಮೇಜಿನಂಚಿನಲ್ಲಿದ್ದ ಬಲಗೈಗೆ ಬಿತ್ತು. ಬೆರಳುಗಳು ಜಜ್ಜಿ ಮರಕ್ಕಂಟಿದವು. ನಾಲ್ಕನೆಯದೂ ಅಲ್ಲಿಗೇ ಬಿತ್ತು. ಆಮೇಲಿನದು ಅವನಿಗೆ ತಿಳಿಯಲಿಲ್ಲ. ಆಂಪ್ಲಿಫೈಯರನ್ನು ಕಿಟಕಿಯಿಂದ ಎಸೆದು ಜನ ಇಳಿದು ಹೋದರಂತೆ.

ಆಸ್ಪತ್ರೆಯ ಶವಾಗಾರ ತುಂಬಿ ಹೆಣಗಳನ್ನು ಮೊಗಸಾಲೆಯಲ್ಲಿ ಮಲಗಿಸಿದ್ದರು. ಮೈಕಿನವನ ಬಲಗೈಯನ್ನು ಮಣಿಕಟ್ಟಿನ ತನಕ ಕತ್ತರಿಸಿ ತೆಗೆದರು. ಭಾವ ಇಲ್ಲದಿದ್ದರೆ ನೀವೂ ಆ ಸಾಲಿನಲ್ಲಿ ಇರುತ್ತಿದ್ದಿರಿ ಎಂದು ಹೆಂಡತಿ ದಿನಕ್ಕೆ ಹತ್ತು ಸಲ ಹೇಳಿ ಅಳುತ್ತಿದ್ದಳು. ಮಹಾಸಭೆ ಸೈನಿಕರ ಕಾವಲಿನಲ್ಲಿ ಮತ್ತೆ ಸೇರಿ, ಮೊದಲ ಸಾಲನ್ನು ಮುಂದೂಡಿ, ಎರಡನೆಯದನ್ನು ಬರೆಯಲು ಕೂತಿತಂತೆ. ಈ ಬುದ್ಧಿ ಒಂದು ವಾರ ಮೊದಲು ಬಂದಿದ್ದರೆ ಇವರ ಗಂಟೇನು ಹೋಗುತ್ತಿತ್ತು?

ಅಣ್ಣ ದಿನಾ ಗಂಜಿ ತಂದು ಚಮಚದಲ್ಲಿ ಕುಡಿಸುತ್ತಿದ್ದ. ಒಂದು ದಿನ ಹೆಂಡತಿ ನೀರು ತರಲು ಹೋದಾಗ ಮೈಕಿನವನು ಕೇಳಿಯೇಬಿಟ್ಟ.

“ಅಣ್ಣ, ಮೂರನೇ ಏಟು?”

ಸುಳ್ಳು ಹೇಳಿದ್ದರೆ ಇಬ್ಬರಿಗೂ ಒಳ್ಳೆಯದಿತ್ತು. ಆದರೆ ಅಣ್ಣ ತಮ್ಮನಿಗೆ ಎಂದೂ ಸುಳ್ಳು ಹೇಳಿದವನಲ್ಲ.

“ಮೊದಲೆರಡು ನಿನ್ನ ಉಳಿಸೋಕೆ ಹೊಡೆದೆ ಕಣೋ. ಮೂರನೇದಕ್ಕೆ ಎತ್ತಿದಾಗ ಎದುರಿಗೆ ನೀನು ಇರ್ಲಿಲ್ಲ. ದೇವರ ಬಾಯಿ ಮುಚ್ಚಿದ ಕೈ ಒಂದೇ ಕಾಣ್ತಿತ್ತು.”

“ಈಗ?”

“ಈಗ ನೀನೇ ಇದ್ದೀಯ.”

ಅಣ್ಣನ ಕಣ್ಣು ತುಂಬಿತ್ತು. ಚಮಚ ತುಂಬಿಸಿ ಎತ್ತಿದ. ಬಾಯಿ ತೆರೆಯಬೇಕೆಂದು ಮೈಕಿನವನಿಗೆ ನಿಜವಾಗಿ ಮನಸ್ಸಿತ್ತು. ಆದರೆ ಉಳಿದೊಂದು ಕೈ ಅವನನ್ನು ಕೇಳದೆ ಎದ್ದು ಮುಖಕ್ಕೆ ಅಡ್ಡ ಬಂತು. ಗಂಜಿ ಹೊದಿಕೆಯ ಮೇಲೆ ಚೆಲ್ಲಿತು. ಅಣ್ಣ ತಲೆ ತಗ್ಗಿಸಿ ಒರೆಸಲು ಬಟ್ಟೆ ಹುಡುಕತೊಡಗಿದ.