ವೆರ್ಜೆ ಊರಿನ ಬೋರ್ಡು

ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ವೆರ್ಜೆ ಸೈಕಲ್ ಕ್ಲಬ್ಬಿನ ಹನ್ನೊಂದು ಮಂದಿ ಊರ ಕಾರಂಜಿಯ ಬಳಿ ಸೇರಿದ್ದರು. ಹನ್ನೆರಡನೆಯವಳಾಗಿ ಗಿಲೆನ್ ಪೆರಾತೋಂ ಬಂದು ನಿಂತಳು. ಅವಳ ಸೈಕಲ್ಲಿಗೆ ಬ್ಯಾಟರಿ ಇತ್ತು.

ಕ್ಲಬ್ಬಿನ ಅಧ್ಯಕ್ಷ ರೆಜಿಸ್ ಪೆರಾತೋಂ ಅವಳ ಗಂಡ. ಅರವತ್ತನಾಲ್ಕು ವರ್ಷದ ನಿವೃತ್ತ ಪಶುವೈದ್ಯ. ಶನಿವಾರ ಸಂಜೆ ಕಾಲಿನ ಕೂದಲನ್ನು ಈಗಲೂ ಬೋಳಿಸಿಕೊಳ್ಳುತ್ತಿದ್ದ; ಗಾಳಿಯಲ್ಲಿ ಸಲೀಸಾಗಿ ಸಾಗಲು ಅದು ಅಗತ್ಯವೆಂದು ಅವನ ನಂಬಿಕೆ. ಅದೇ ಗಾಳಿಗೆ ಅವನ ಹೊಟ್ಟೆ ಒಡ್ಡುತ್ತಿದ್ದ ಅಡ್ಡಿಯ ಬಗ್ಗೆ ಕ್ಲಬ್ಬಿನಲ್ಲಿ ಯಾರೂ ಮಾತೆತ್ತುತ್ತಿರಲಿಲ್ಲ. ಬಾಡಿಗೆ ಸೈಕಲ್ಲಿನಲ್ಲಿ ದ್ರಾಕ್ಷಿ ತೋಟ ನೋಡಲು ಬರುವ ಪ್ರವಾಸಿಗರನ್ನು, ಲಿಯೋಂ ಪಟ್ಟಣದಿಂದ ಬಂದು ಉತ್ತರದ ರಸ್ತೆಯಲ್ಲಿ ಈಜುಕೊಳದ ಮನೆ ಕಟ್ಟಿಸಿಕೊಂಡವರನ್ನು, ಹೆಲ್ಮೆಟ್ಟಿಗೆ ಕನ್ನಡಿ ಸಿಕ್ಕಿಸಿಕೊಳ್ಳುವವರನ್ನು ಅವನು ಒಂದೇ ಸಮನಾಗಿ ಕೀಳಾಗಿ ಕಾಣುತ್ತಿದ್ದ. ಎಲ್ಲರಿಗಿಂತ ಕೆಳಗಿನ ಜಾಗ ಮೋಟರು ಇದ್ದವರದು.

"ಇದೇನು, ಹಾಲಿನ ಗಾಡಿ ಬಂತಾ?" ಎಂದ.

ಯಾರೋ ಇಬ್ಬರು ನಕ್ಕರು. ಗಿಲೆನ್ ಕೈಗವಸು ಹಾಕಿಕೊಳ್ಳುತ್ತ, ತಾನು ಕ್ಲಬ್ಬಿಗೆ ಸೇರಬೇಕೆಂದಿರುವುದಾಗಿ ಹೇಳಿದಳು. ಮದುವೆಗೆ ಮುಂಚೆ ಇದೇ ದಾರಿಗಳಲ್ಲಿ ಅವರಿಬ್ಬರೂ ಜೊತೆಯಾಗಿ ಸೈಕಲ್ ಹೊಡೆದಿದ್ದರು. ಮಂಡಿ ಕೆಟ್ಟ ಮೇಲೆ ಅವಳ ಪಾಲಿನ ಭಾನುವಾರವೆಂದರೆ ಅಡುಗೆ ಮಾಡಿ, ಗಂಡ ಬೆವರೊರೆಸಿಕೊಳ್ಳುತ್ತ ಬಾಗಿಲಲ್ಲಿ ಕಾಣಿಸಿಕೊಳ್ಳುವುದನ್ನು ಕಾಯುವುದು. ಬ್ಯಾಟರಿ ಇದ್ದರೆ ಗುಡ್ಡ ಹತ್ತಬಹುದು ಎಂದು ಡಾಕ್ಟರೇ ಹೇಳಿದ್ದರು. ಮನುಷ್ಯರ ಡಾಕ್ಟರು.

"ಊಟಕ್ಕೇನು ಗತಿ?"

"ಕುರಿ ತೊಡೆ ಸಣ್ಣ ಉರೀಲಿ ಒಲೆಯೊಳಗಿದೆ. ಅದು ಬೇಯೋದನ್ನ ನಾನು ನೋಡ್ತಾ ಕೂತಿರಬೇಕಾಗಿಲ್ಲ."

ಹೊಸಬರನ್ನು ಸೇರಿಸಿಕೊಳ್ಳಲು ಅಧ್ಯಕ್ಷನ ಸಹಿ ಬೇಕು. ಮೋಟರಿನ ಬಗ್ಗೆ ಕ್ಲಬ್ಬಿನ ನಿಯಮಗಳಲ್ಲಿ ಒಂದಕ್ಷರವೂ ಇರಲಿಲ್ಲ. ಅವನ್ನು ಬರೆದ ಕಾಲಕ್ಕೆ ಅಂಥದ್ದು ಯಾರಿಗೂ ಹೊಳೆದಿರಲಿಲ್ಲ. ದಂತವೈದ್ಯ ಮಾಲೆ ಇದನ್ನು ಮೆಲ್ಲಗೆ ಎತ್ತಿ ಆಡಿದ. ದ್ರಾಕ್ಷಿ ಬೆಳೆಗಾರ ದೆರೋಶ್ ತಲೆಯಾಡಿಸಿದ. ಸವಾರಿ ಮುಗಿದ ಮೇಲೆ ಎಲ್ಲರೂ ಕುಡಿಯುವುದು ಅವನ ನೆಲಮಾಳಿಗೆಯಲ್ಲಿ, ಆದ್ದರಿಂದ ಅವನ ತಲೆಗೆ ಒಂದಿಷ್ಟು ಬೆಲೆ ಇತ್ತು. ರೆಜಿಸ್ ಇಬ್ಬರನ್ನೂ ನೋಡಿದ. ಜಗಳಕ್ಕಿಂತ ಗೇಲಿ ಸುಲಭ ಎನಿಸಿತು.

"ಸರಿ ಹಾಗಾದ್ರೆ. ವೆರ್ಜೆ ಬೋರ್ಡನ್ನ ನನಗಿಂತ ಮೊದಲು ದಾಟು, ಇವತ್ತೇ ಸಹಿ ಹಾಕ್ತೀನಿ. ಆಗ್ಲಿಲ್ಲ ಅಂದ್ರೆ ಈ ಗಾಡೀನ ವಾಪಸ್ ಅಂಗಡಿಗೆ ತಗೊಂಡ್ಹೋಗು."

"ಎಲ್ರೂ ಕೇಳಿಸ್ಕೊಂಡ್ರಲ್ಲ?" ಎಂದಳು ಗಿಲೆನ್.

ಕೇಳಿಸಿಕೊಂಡರು. ಬೋರ್ಡಿನ ಓಟ ಎಂದರೇನೆಂದು ಅಲ್ಲಿ ಯಾರಿಗೂ ವಿವರಿಸಬೇಕಿರಲಿಲ್ಲ. ದಾರಿಯಲ್ಲಿ ಸಿಗುವ ಪ್ರತಿ ಊರಿನ ಹೆಸರಿನ ಫಲಕವನ್ನು, ಕೆಂಪು ಅಂಚಿನ ಆ ಬಿಳಿ ತಗಡನ್ನು, ಯಾರು ಮೊದಲು ದಾಟುತ್ತಾರೆ ಎಂದು ಅರವತ್ತು ದಾಟಿದ ಗಂಡಸರು ಜೀವ ಬಿಟ್ಟು ಪೆಡಲ್ ತುಳಿಯುತ್ತಿದ್ದರು. ಉಳಿದ ಊರುಗಳದು ತಮಾಷೆಗೆ. ಹಿಂತಿರುಗುವಾಗ ಉತ್ತರದ ರಸ್ತೆಯಲ್ಲಿ ಸಿಗುವ ವೆರ್ಜೆಯ ಬೋರ್ಡು ಮಾತ್ರ ಲೆಕ್ಕಕ್ಕೆ. ಅದನ್ನು ಗೆದ್ದವರಿಗೆ ಅಧ್ಯಕ್ಷನೇ ತನ್ನ ಕೈಯಾರೆ ಮೊದಲ ಗ್ಲಾಸು ಸುರಿದುಕೊಡಬೇಕು. ಕೆಲವು ವರ್ಷಗಳಿಂದ ರೆಜಿಸ್ ತನಗೆ ತಾನೇ ಸುರಿದುಕೊಳ್ಳುತ್ತಿದ್ದ.

ದಕ್ಷಿಣದ ರಸ್ತೆಯಿಂದ ಹೊರಟರು. ಮೇ ತಿಂಗಳು, ಬಳ್ಳಿಗಳಲ್ಲಿ ಎಲೆ ಬಿಟ್ಟು, ತೋಟಗಳಿಗೆ ಸಿಂಪಡಿಸಿದ ಗಂಧಕದ ವಾಸನೆ ರಸ್ತೆಯ ಮೇಲೆಲ್ಲ ಹರಡಿತ್ತು. ಬ್ರಾಂಸಿ ಊರಿನ ಹಳೆಯ ಚರ್ಚಿನ ಮುಂದೆ ಪ್ರವಾಸಿಗರ ಒಂದು ತಂಡ ತಮ್ಮ ವ್ಯಾನಿನ ಪಕ್ಕದಲ್ಲಿ ಬಾಳೆಹಣ್ಣು ತಿನ್ನುತ್ತಿತ್ತು. ಎಂಟುನೂರು ವರ್ಷದ ಕಲ್ಲಿಗೆ ಬೆನ್ನು ಕೊಟ್ಟು ಅವರು ಫೋನು ನೋಡುತ್ತಿದ್ದರು. ಚರ್ಚನ್ನು ನೋಡಲು ಬಾರದವರು ಎಂದು ರೆಜಿಸ್ ಬೈದ. ಅವನೂ ಅದರೊಳಗೆ ಕೊನೆಯ ಸಲ ಕಾಲಿಟ್ಟದ್ದು ತಾಯಿಯ ತಿಥಿಯ ಪೂಜೆಗೆ.

ಗುಡ್ಡ ಹತ್ತುವಾಗ ಗಿಲೆನ್ ಎಲ್ಲರನ್ನೂ ದಾಟಿ ಹೋದಳು. ರೆಜಿಸ್ ಬಾಯಲ್ಲಿ ಮೋಟರಿನ ಸದ್ದು ಮಾಡಿದ. ಏದುಸಿರಿನಲ್ಲಿ ಅದು ಸರಿಯಾಗಿ ಬರಲಿಲ್ಲ. ಆದರೂ ಅವನಿಗೆ ಚಿಂತೆಯಿರಲಿಲ್ಲ. ಆ ಬಗೆಯ ಮೋಟರು ಗಂಟೆಗೆ ಇಪ್ಪತ್ತೈದು ಕಿಲೋಮೀಟರ್ ದಾಟಿದೊಡನೆ ತಾನಾಗಿ ನಿಲ್ಲುತ್ತದೆ, ಆಮೇಲೆ ಅದು ಬರೀ ಭಾರ ಎಂಬುದು ಅವನಿಗೆ ಗೊತ್ತಿತ್ತು. ಕೊನೆಯ ಓಟದಲ್ಲಿ ಅವನ ವೇಗ ನಲವತ್ತರ ಮೇಲೆ.

ವೆರ್ಜೆಗೆ ಇಳಿಯುವ ರಸ್ತೆಯಲ್ಲಿ ಒಂದು ಕಲ್ಲಿನ ಶಿಲುಬೆ ಇದೆ. ಅಲ್ಲಿಂದ ರಸ್ತೆ ದೆರೋಶನ ತೋಟದ ನಡುವೆ ನೇರ ಹೋಗಿ, ಹೊಸ ಮನೆಗಳ ಬಳಿ ಎಡಕ್ಕೆ ತಿರುಗುತ್ತದೆ. ತಿರುವು ದಾಟಿದರೆ ಬೋರ್ಡು. ಶಿಲುಬೆಯ ಹತ್ತಿರ ಬಂದಾಗ ಪ್ರತಿ ಭಾನುವಾರದಂತೆ ಗಂಡಸರೆಲ್ಲ ನಿಧಾನವಾದರು. ಮೊದಲು ಹೊರಟವನ ಬೆನ್ನ ಹಿಂದೆ ಗಾಳಿ ತಪ್ಪಿಸಿಕೊಂಡು ಬಂದು ಕೊನೆಗೆ ಅವನನ್ನು ದಾಟುವುದು ಇಲ್ಲಿನ ಜಾಣತನ. ಎಲ್ಲರೂ ಜಾಣರಾದ್ದರಿಂದ ಯಾರೂ ಹೊರಡಲಿಲ್ಲ. ಒಬ್ಬರ ಚಕ್ರವನ್ನು ಒಬ್ಬರು ನೋಡುತ್ತ, ಬೀಳದಿರಲು ಎಷ್ಟು ಬೇಕೋ ಅಷ್ಟು ಮಾತ್ರ ತುಳಿಯುತ್ತ ಸಾಗಿದರು.

ಗುಡ್ಡದಾಚೆ ಮತ್ತೆ ಗುಂಪಿಗೆ ಸೇರಿದ್ದ ಗಿಲೆನ್ ತನ್ನ ಪಾಡಿಗೆ ಮುಂದೆ ಹೋದಳು.

"ಹೋಗ್ಲಿ ಬಿಡಿ," ಎಂದ ರೆಜಿಸ್, "ಕುರಿ ಸೀದು ಹೋಗುತ್ತೆ ಅಂತ ನೆನಪಾಗಿರಬೇಕು."

ಮಾಲೆಯ ಚಕ್ರ ಒಂದಿಷ್ಟು ಅಲುಗಿದ್ದೇ ತಡ, ರೆಜಿಸ್ ತಲೆ ತಗ್ಗಿಸಿ ನುಗ್ಗಿದ. ಕಣ್ಣಿಗೆ ಕಾಣುತ್ತಿದ್ದುದು ಮುಂದಿನ ಚಕ್ರ ಮತ್ತು ಟಾರು. ಅವನಿಗೆ ಅಷ್ಟೇ ಸಾಕಿತ್ತು. ಈ ರಸ್ತೆ ಅವನಿಗೆ ಬಾಯಿಪಾಠ. ತಿರುವಿನ ಮುಂಚೆ ಹುಲ್ಲಿನ ಮೇಲೆ ಒಂದು ಕಾಲೂರಿ ನಿಂತಿದ್ದ ಹೆಂಡತಿಯನ್ನು ದಾಟಿದ. ಸುಸ್ತಾಗಿ ನಿಂತಿದ್ದಾಳೆ ಅಂದುಕೊಂಡ. ಹಿಂದಿನಿಂದ ಕೂಗು ಕೇಳಿಸಿತು. ಸೋತವರು ಕೂಗುವುದು ಸಹಜ. ತಿರುವು ದಾಟಿ, ಕೊನೆಯ ಉಸಿರನ್ನೂ ಹಾಕಿ ತುಳಿದು, ಎರಡೂ ಕೈ ಮೇಲೆತ್ತಿದ.

ಅಲ್ಲಿ ಬೋರ್ಡು ಇರಲಿಲ್ಲ. ಕಂಬ ಕಿತ್ತ ಜಾಗದಲ್ಲಿ ಎರಡು ಗುಂಡಿಗಳನ್ನು ಹೊಸ ಸಿಮೆಂಟಿನಿಂದ ಮುಚ್ಚಿದ್ದರು. ರಸ್ತೆಯಾಚೆ ಬ್ರಾಂಸಿಯಲ್ಲಿ ಕಂಡಿದ್ದ ಅದೇ ವ್ಯಾನು ನಿಂತಿತ್ತು. ಪ್ರವಾಸಿಗರು ಅವನಿಗೆ ಚಪ್ಪಾಳೆ ತಟ್ಟಿದರು. ಒಬ್ಬಾಕೆ ಬಂದು ತನ್ನ ಫೋನನ್ನು ಅವನ ಕೈಗಿಟ್ಟು, ಊರಿನ ಚಾವಣಿಗಳು ಹಿಂದೆ ಕಾಣುವ ಹಾಗೆ ತಮ್ಮೆಲ್ಲರ ಒಂದು ಫೋಟೋ ತೆಗೆಯುವಿರಾ ಎಂದು ಕೇಳಿದಳು. ಏನು ಮಾಡುವುದೆಂದು ತೋಚದೆ ಅವನು ತೆಗೆದುಕೊಟ್ಟ.

ತಿರುವಿನ ಹಿಂದೆ, ಅವನು ದಾಟಿ ಬಂದ ಕಡೆ, ಹತ್ತು ಮಂದಿ ಹೊಸ ಬೋರ್ಡಿನ ಸುತ್ತ ಸೈಕಲ್ ನಿಲ್ಲಿಸಿ ನಗುತ್ತಿದ್ದರು. ಗಿಲೆನ್ ನಗುತ್ತಿರಲಿಲ್ಲ. ಹೊಸ ಮನೆಗಳ ಮುಂದೆ ಕಾರುಗಳು ವೇಗ ತಗ್ಗಿಸಲಿ ಎಂದು ಪಂಚಾಯಿತಿ ಬೋರ್ಡನ್ನು ಇನ್ನೂರು ಮೀಟರ್ ಊರಾಚೆಗೆ, ತಿರುವಿಗೂ ಮುಂಚೆ ಸರಿಸಿತ್ತು. ಶುಕ್ರವಾರ ಕೆಲಸದವರು ಬಂದು ನೆಟ್ಟು ಹೋಗಿದ್ದರು. ಪಂಚಾಯಿತಿ ಸದಸ್ಯೆಯಾಗಿ ಗಿಲೆನ್ ಅದಕ್ಕೆ ಕೈ ಎತ್ತಿದ್ದಳು.

"ಅಂದ್ರೆ ನಿಂಗೆ ಗೊತ್ತಿತ್ತು," ಎಂದ ರೆಜಿಸ್, ಸೈಕಲ್ ತಳ್ಳಿಕೊಂಡು ಬಂದು.

"ನಿಂಗೂ ಗೊತ್ತಿತ್ತು. ಊಟಕ್ಕೆ ಕೂತಾಗ ಹೇಳಿದ್ದೆ."

"ಯಾವಾಗ?"

"ನೀನು ಹೂಂ ಹೂಂ ಅಂತಿದ್ದೆಯಲ್ಲ, ಆವಾಗ."

ದೆರೋಶ್ ಕೆಮ್ಮಿದ. ರೆಜಿಸ್ ಮೋಟರಿನ ಮಾತು ತೆಗೆದ. ಮೋಟರಿನಿಂದ ಗೆದ್ದದ್ದು ಗೆಲುವೇ ಅಲ್ಲ ಎಂದು ಶುರು ಮಾಡಿ, ಅವನು ಇನ್ನೂ ಮುಗಿಸಿರಲಿಲ್ಲ.

"ಇಳಿಜಾರಲ್ಲಿ ಮೋಟರ್ ಯಾಕೆ?" ಎಂದಳು ಗಿಲೆನ್. "ಶಿಲುಬೆ ಹತ್ರಾನೇ ಆರಿಸಿದ್ದೆ. ನೀವೆಲ್ಲ ಒಬ್ಬರ ಹಿಂಭಾಗ ಒಬ್ಬರು ನೋಡ್ತಾ ನಿಂತಿದ್ರಿ. ನಾನು ಮನೆಗೆ ಹೋಗೋ ದಾರೀಲಿ ಹೋದೆ, ಅಷ್ಟೆ."

ನೆಲಮಾಳಿಗೆಯಲ್ಲಿ ದೆರೋಶ್ ಬಾಟಲಿ ತೆರೆದು ಅಧ್ಯಕ್ಷನ ಮುಂದಿಟ್ಟ. ಮೊದಲ ಗ್ಲಾಸು ಇನ್ನೂ ಖಾಲಿಯಾಗಿಯೇ ಗಿಲೆನ್ ಮುಂದಿತ್ತು. ರೆಜಿಸ್ ಬಾಟಲಿ ಮುಟ್ಟಲಿಲ್ಲ. ಬೋರ್ಡು ಇರುವ ಜಾಗವೇ ಕಾನೂನಿಗೆ ವಿರುದ್ಧ, ಅದರ ತೀರ್ಮಾನ ಆಗುವವರೆಗೆ ಇವತ್ತಿನ ಫಲಿತಾಂಶ ತಡೆಹಿಡಿಯಲಾಗಿದೆ ಎಂದ. ಸಹಿಯೂ ಅಷ್ಟೇ. ಆಮೇಲೆ ಮಾಲೆ ಅವನ ಮುಂದಿನಿಂದ ಬಾಟಲಿ ಎತ್ತಿಕೊಂಡು ಎಲ್ಲರಿಗೂ ಸುರಿದ, ಗಿಲೆನ್‌ಗೆ ಮೊದಲು. ಅಧ್ಯಕ್ಷನಿಗೆ ಬರುವಷ್ಟರಲ್ಲಿ ತಳದ ಗಸಿ ಉಳಿದಿತ್ತು.

"ಕುಡೀರಿ ಡಾಕ್ಟ್ರೇ," ಎಂದ ದೆರೋಶ್, "ಹಸುಗಳಿಗೆ ಇದಕ್ಕಿಂತ ಕೆಟ್ಟದ್ದು ಕುಡಿಸಿದ್ದೀರಿ."

ಕುರಿ ತೊಡೆ ಚೆನ್ನಾಗಿ ಬೆಂದಿತ್ತು. ಊಟದ ಮೇಜಿನಲ್ಲಿ ಗಿಲೆನ್ ಮಾತಾಡಲಿಲ್ಲ. ಎಷ್ಟೋ ವರ್ಷಗಳ ಮೇಲೆ ಆ ಮೇಜಿನಲ್ಲಿ ರೆಜಿಸ್ ಕಿವಿಗೊಟ್ಟು ಕೂತಿದ್ದ.

ಸೋಮವಾರ ಅವನು ಪಂಚಾಯಿತಿ ಕಚೇರಿಗೆ ದೂರು ಕೊಟ್ಟ. ಬೋರ್ಡು ಊರಿನ ಚರಿತ್ರೆಯ ಭಾಗ, ಅದನ್ನು ಮೊದಲಿದ್ದ ಜಾಗಕ್ಕೇ ತರಬೇಕು ಎಂಬುದು ಅದರ ಸಾರ. ಗುರುವಾರದ ಸಭೆಯಲ್ಲಿ ಮೇಯರ್ ಅದನ್ನು ನಗದೆ ಓದಿದರು. ಸಾರ್ವಜನಿಕರಿಗೆಂದು ಹಾಕಿದ್ದ ಬೆಂಚಿನ ಮೇಲೆ ರೆಜಿಸ್ ಒಬ್ಬನೇ ಇದ್ದ. ದೂರುದಾರನ ಹೆಂಡತಿ ಮತ ಹಾಕುವಂತಿಲ್ಲವಾದ್ದರಿಂದ ಗಿಲೆನ್ ಎದ್ದು ಹೊರಗೆ ಹೋದಳು. ಬಾಗಿಲು ದಾಟುವಾಗ ಅವನ ಮುಂದೆಯೇ ಹಾದುಹೋಗಬೇಕಿತ್ತು. ಕಾಲು ಚಾಚಿ ಕೂತಿದ್ದವನು ಕಾಲು ಎಳೆದುಕೊಂಡ. ಅವಳು ಅಂಗಳದಲ್ಲಿ ಸೈಕಲ್ಲಿನ ಪಕ್ಕ ನಿಂತು ಕಾಯ್ದಳು.

ದೂರು ತಳ್ಳಿಹೋಯಿತು. ರೆಜಿಸ್ ಹೊರಗೆ ಬಂದು, ಪೆನ್ನು ಇದೆಯಾ ಎಂದು ಅವಳನ್ನೇ ಕೇಳಿದ. ಇತ್ತು.

ಭಾನುವಾರ ಏಳು ಗಂಟೆಗೆ ಕ್ಲಬ್ಬು ಹೊರಟಿತು, ಹನ್ನೆರಡು ಮಂದಿ. ಹಿಂತಿರುಗುವಾಗ ಶಿಲುಬೆ ದಾಟಿದ ಮೇಲೆ ಎಲ್ಲರೂ ತಲೆ ತಗ್ಗಿಸಿ ನುಗ್ಗಿದರು. ರೆಜಿಸ್ ತಲೆ ತಗ್ಗಿಸಲಿಲ್ಲ. ಬೋರ್ಡನ್ನೇ ನೋಡುತ್ತ, ಹೆಂಡತಿಗಿಂತ ಒಂದು ಚಕ್ರದಷ್ಟು ಹಿಂದೆ ಅದನ್ನು ದಾಟಿದ. ಆ ದಿನ ಗೆದ್ದದ್ದು ದಂತವೈದ್ಯ ಮಾಲೆ.