ಬಿ ಡಿವಿಷನ್ನಿನ ಮಧ್ಯಾಹ್ನ

"ಇದೊಂದೇ ಲೆಕ್ಕ ಟೀಚರ್. ಮತ್ತೆ ಕೇಳುದಿಲ್ಲ," ಎಂದಳು ಪೂಜಾಶ್ರೀ. ಊಟದ ಬಟ್ಟಲು ತೊಳೆದ ಕೈ ಇನ್ನೂ ಒದ್ದೆ. ಗಣಿತದ ಪುಸ್ತಕವನ್ನು ಕಂಕುಳಲ್ಲಿ ಇರುಕಿಸಿಕೊಂಡಿದ್ದಳು.

"ನಿಮ್ಮ ಟೀಚರತ್ರ ಕೇಳು," ಎಂದಳು ಶ್ರೀರಂಜಿನಿ.

"ಅವರು ಹೇಳುದು ನಮಗೆ ಗೊತ್ತಾಗುದಿಲ್ಲ. ನಾವು ಕೇಳುದು ಅವರಿಗೂ ಗೊತ್ತಾಗುದಿಲ್ಲ."

"ಓಣಂ ಪರೀಕ್ಷೆ ಮುಗೀಲಿ. ಮತ್ತೆ ಹೇಳಿಕೊಡ್ತೇನೆ."

"ಎ ಡಿವಿಷನ್ನಿನವರಿಗೆ ದಿನಾ ಹೇಳಿಕೊಡ್ತೀರಲ್ಲ. ನಾವೆಂತ ಮಾಡಿದ್ದು ಟೀಚರ್?"

ಅವರು ಏನೂ ಮಾಡಿರಲಿಲ್ಲ. ಪಾಠ ಯಾರಿಗೆ ಇಲ್ಲವೆಂದು ಚೀಟಿ ಎತ್ತಿದಾಗ ಬಿ ಬಂದಿತ್ತು, ಅಷ್ಟೆ. ಎಂಟನೇ ಕ್ಲಾಸಿನ ಹುಡುಗಿಯನ್ನು ಅಲ್ಲೇ ಬಿಟ್ಟು ಶ್ರೀರಂಜಿನಿ ಸ್ಟಾಫ್ ರೂಮಿಗೆ ನಡೆದಳು.

ಕೇರಳಕ್ಕೆ ಸೇರಿದ ಕುಂಬಳೆಯಿಂದ ಒಳಗಿನ ಆ ಕನ್ನಡ ಶಾಲೆಗೆ ಕನ್ನಡ ಬಾರದ ಗಣಿತ ಟೀಚರ್ ಬಂದದ್ದು ಇದು ಮೊದಲಲ್ಲ. ಈ ಸಲ ಬಂದವಳಂತೂ ಪಾಪ, ಕೇರಳದ ತೆಂಕಣ ತುದಿಯ ಹುಡುಗಿ. ಮಲಯಾಳದಲ್ಲಿ ಪಾಠ ಮಾಡಿ, ಮಕ್ಕಳ ಪಿಳಿಪಿಳಿ ಕಣ್ಣು ನೋಡಲಾರದೆ ಬೋರ್ಡಿನ ಕಡೆ ತಿರುಗಿ ನಿಲ್ಲುತ್ತಿದ್ದಳು. ಇಂಥವರು ಬಂದಾಗಲೆಲ್ಲ ಕನ್ನಡ ಬಲ್ಲ ಟೀಚರುಗಳು ಮಾಡಿಕೊಂಡು ಬಂದ ಒಂದು ಉಪಾಯವಿತ್ತು. ಬೆಳಗಿನ ಪಾಠವನ್ನು ಮಧ್ಯಾಹ್ನ ಊಟವಾದ ಮೇಲೆ ಮಕ್ಕಳನ್ನು ಜಗಲಿಯಲ್ಲಿ ಕೂರಿಸಿ ಕನ್ನಡದಲ್ಲಿ ಮತ್ತೊಮ್ಮೆ ಹೇಳಿಕೊಡುವುದು. ಯಾರೂ ಆದೇಶ ಮಾಡಿದ್ದಲ್ಲ, ಯಾರೂ ನಿಲ್ಲಿಸಿದ್ದೂ ಇಲ್ಲ.

ನಿಲ್ಲಿಸಿದವಳು ಶ್ರೀರಂಜಿನಿ, ಅದೂ ಅರ್ಧ ಮಕ್ಕಳಿಗೆ ಮಾತ್ರ.

ಅವಳ ಪಿಎಚ್‌ಡಿಯ ವಿಷಯವೇ ಇದು: ಗೊತ್ತಿಲ್ಲದ ಭಾಷೆಯಲ್ಲಿ ಕೇಳಿದ ಗಣಿತ ಮಕ್ಕಳಿಗೆ ಎಷ್ಟು ದಕ್ಕುತ್ತದೆ? ಕ್ಲಾಸಿನ ಹಿಂದಿನ ಬೆಂಚಿನಲ್ಲಿ ಕೂತು ಕಂಡದ್ದನ್ನು ಬರೆಯುತ್ತೇನೆ, ಮಕ್ಕಳನ್ನು ಮಾತಾಡಿಸುತ್ತೇನೆ ಎಂದಿದ್ದಳು. ಗೈಡ್ ಈಶ್ವರಪ್ರಸಾದ ಸರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಅದೆಲ್ಲ ಕತೆ ಆಗ್ತದೆ ಮಾರಾಯ್ತಿ. ಕತೆ ಕೇಳಿ ಯಾರು ಕನ್ನಡದ ಟೀಚರನ್ನು ಕಳಿಸ್ತಾರೆ? ಪ್ರಯೋಗ ಮಾಡು. ಒಂದು ಡಿವಿಷನ್ನಿಗೆ ಮಧ್ಯಾಹ್ನದ ಪಾಠ ಉಂಟು, ಇನ್ನೊಂದಕ್ಕೆ ಇಲ್ಲ. ಅಂಕಿ ಮುಂದಿಟ್ಟರೆ ಸರಕಾರದವರು ಬಾಯಿ ಮುಚ್ಚಬೇಕು."

ಅವಳಿಗೂ ಹೌದೆನ್ನಿಸಿತ್ತು. ಓಣಂ ಪರೀಕ್ಷೆಯ ತನಕ, ಒಂದು ಟರ್ಮಿನ ಮಾತು. ಮುಂದೆ ಬರುವ ಮಕ್ಕಳಿಗೆಲ್ಲ ಒಳ್ಳೆಯದಾಗುತ್ತದೆ.

"ಮುಂದೆ ಬರುವವರಿಗೆ ಸರಿ, ಇವರಿಗೆ?" ಎಂದು ಕೇಳಿದ್ದು ವಿಜ್ಞಾನದ ರೋಸ್ಮೇರಿ ಟೀಚರ್ ಒಬ್ಬರೇ. ಶಾಲೆಯಲ್ಲಿ ಏಳನೆಯವರೆಗಿನ ಗಣಿತ ಶ್ರೀರಂಜಿನಿಯದು. ಹೋದ ವರ್ಷ ಏಳನೆಯಲ್ಲಿ ಪೂಜಾಶ್ರೀಗೆ ಗಣಿತ ಕಲಿಸಿದ್ದು ಅವಳೇ. ಬೋರ್ಡಿನಲ್ಲಿ ಒಂದು ಚಿಹ್ನೆ ತಪ್ಪಿದರೂ ಸಾಕು, "ಟೀಚರ್, ಅಲ್ಲಿ ಮೈನಸ್ ಅಲ್ವಾ?" ಎಂದು ಹುಡುಗಿ ಬೆಂಚಿನಿಂದ ಜಿಗಿದೇ ಬಿಡುತ್ತಿದ್ದಳು. ಹಾಗೆ ಸಿಕ್ಕಿಬೀಳುವುದು ಶ್ರೀರಂಜಿನಿಗೆ ಇಷ್ಟವಾಗಿತ್ತು.

ಜುಲೈ ಕಳೆಯುವ ಹೊತ್ತಿಗೆ ಪೂಜಾಶ್ರೀ ಕೇಳುವುದನ್ನು ಬಿಟ್ಟಳು. ಜಗಲಿಯ ಪಾಠದ ಹೊತ್ತಿಗೆ ಬಾವಿಕಟ್ಟೆಯಲ್ಲಿ ಕೂತು ಮೈದಾನ ನೋಡುತ್ತಿದ್ದಳು. ಶ್ರೀರಂಜಿನಿ ಅತ್ತ ಬೆನ್ನು ಹಾಕಿ ನಿಲ್ಲುವುದನ್ನು ಕಲಿತಳು. ಕರೆದುಬಿಡೋಣ ಎಂದು ಎಷ್ಟೋ ಸಲ ಅನ್ನಿಸಿತು. ಕರೆದರೆ ಪ್ರಯೋಗ ಕೆಡುತ್ತಿತ್ತು.

ಓಣಂ ಪರೀಕ್ಷೆಯ ಅಂಕಗಳು ಬಂದವು. ಎರಡು ಡಿವಿಷನ್ನುಗಳ ನಡುವಿನ ಅಂತರ ನೋಡಿ ಈಶ್ವರಪ್ರಸಾದ ಸರ್ ಫೋನಿನಲ್ಲೇ ನಕ್ಕರು. "ಭಾರೀ ಚಂದ ಬಂದಿದೆ! ಇಷ್ಟು ಸ್ಪಷ್ಟವಾಗಿ ಯಾರಿಗೂ ಸಿಕ್ಕುದಿಲ್ಲ."

ಓಣಂ ರಜೆ ಮುಗಿದ ಮೊದಲ ದಿನವೇ ಶ್ರೀರಂಜಿನಿ ಬಿ ಡಿವಿಷನ್ನಿನವರನ್ನು ಜಗಲಿಗೆ ಕರೆದಳು. ಕೆಲವರು ಆಟ ಬಿಟ್ಟು ಬರಲಿಲ್ಲ. ಪೂಜಾಶ್ರೀ ಬಂದಳು, ಕಂಬದ ಪಕ್ಕ ಕೂತಳು.

ಶ್ರೀರಂಜಿನಿ ಜೂನ್ ತಿಂಗಳ ಪಾಠದಿಂದಲೇ ಶುರುಮಾಡಿದಳು. ಇದ್ದಬದ್ದ ಪ್ರೀತಿಯನ್ನೆಲ್ಲ ಸುರಿದು, ನಿಧಾನವಾಗಿ, ಸಂಖ್ಯೆಗಳನ್ನು ಸಮಚಿಹ್ನೆಯ ಆಚೆಗೆ ದಾಟಿಸಿ ಲೆಕ್ಕ ಬಿಡಿಸಿದಳು.

"ಗೊತ್ತಾಯ್ತಾ ಮಕ್ಕಳೇ?"

"ಗೊತ್ತಾಯ್ತು ಟೀಚರ್," ಎಂದರು ಎಲ್ಲರೂ ಒಂದೇ ರಾಗದಲ್ಲಿ. ಹೊಸ ಟೀಚರಿಗೆ ದಿನಾ ಹೇಳುತ್ತಿದ್ದದ್ದೂ ಇದನ್ನೇ.

"ಪೂಜಾ, ಎಂತಾದ್ರು ಕೇಳ್ಲಿಕ್ಕುಂಟಾ?"

"ಎಂತ ಇಲ್ಲ ಟೀಚರ್."

ಶ್ರೀರಂಜಿನಿ ಬೋರ್ಡಿನತ್ತ ತಿರುಗಿದಳು. ಎರಡನೇ ಸಾಲಿನಲ್ಲಿ, ಆಚೆಗೆ ದಾಟಿದ ಏಳಕ್ಕೆ ಮೈನಸ್ ಹಾಕುವುದನ್ನೇ ಮರೆತಿದ್ದಳು. ಉತ್ತರ ಪೂರ್ತಿ ತಪ್ಪು. ಅಳಿಸಲಿಲ್ಲ. ಸೀಮೆಸುಣ್ಣ ಹಿಡಿದು ಕಾದಳು.

ಪೂಜಾಶ್ರೀ ತಲೆ ಎತ್ತಿ ಬೋರ್ಡು ನೋಡಿದಳು. ಮತ್ತೆ ತಗ್ಗಿಸಿ, ಏಳನ್ನು ಇದ್ದ ಹಾಗೆಯೇ ಗುಂಡಗೆ ಬರೆದುಕೊಂಡು, ಉತ್ತರದ ಅಡಿಗೆ ಸ್ಕೇಲಿಟ್ಟು ಗೆರೆ ಎಳೆದಳು.