ಮುಂದಿನ ಗಾಲಿಗೆ ಕುಂಕುಮ

ಹಳದಿ ಕಾರು ಜಗಳೂರಿಗೆ ಬಂದ ದಿನ ಅದನ್ನು ನೋಡಿ ಮೊದಲು ನಕ್ಕವನು ನಾನೇ. ಆ ಪಾಪವನ್ನು ಮೊದಲೇ ಒಪ್ಪಿಕೊಂಡು ಮುಂದಕ್ಕೆ ಹೋಗುತ್ತೇನೆ.

ಎಪ್ಪತ್ತಾರನೇ ಇಸವಿ. ಆಗ ನಾನು ಬಸ್ ಸ್ಟ್ಯಾಂಡಿನ ಎದುರು ಬಾಡಿಗೆ ಕಾರು ಓಡಿಸುತ್ತಿದ್ದೆ. ಕಾರು ಸಾಹುಕಾರರದು, ಗತ್ತು ಮಾತ್ರ ನನ್ನದು. ಒಳಗೆ ಒಂಬತ್ತು ಜನ, ಡಿಕ್ಕಿಯಲ್ಲಿ ಎರಡು ಟಗರು ಹಾಕಿಕೊಂಡು ದಾವಣಗೆರೆ ಮುಟ್ಟಿಸುತ್ತಿದ್ದವನ ಕಣ್ಣಿಗೆ ಆ ಎರಡೇ ಬಾಗಿಲಿನ ಗಿಡ್ಡ ಕಾರು ಕಾರೆಂದೇ ಕಾಣಲಿಲ್ಲ. ಅದರಿಂದ ಇಳಿದವರು ಡಾಕ್ಟರ್ ಕಸ್ತೂರಮ್ಮ. ಚನ್ನಗಿರಿ ಕಡೆಯವರು, ಮಲೇಷ್ಯಾದಲ್ಲಿ ಎಂಟು ವರ್ಷ ಕೆಲಸ ಮಾಡಿ ವಾಪಸು ಬರುವಾಗ ತಮ್ಮ ಜಪಾನ್ ಕಾರನ್ನೂ ಹಡಗಿನಲ್ಲಿ ಮದ್ರಾಸಿಗೆ ತಂದು, ಅಲ್ಲಿಂದ ಒಬ್ಬರೇ ಓಡಿಸಿಕೊಂಡು ಬಂದಿದ್ದರು.

"ಡಾಕ್ಟ್ರಮ್ಮ, ಇದು ಇನ್ನೂ ಮರಿ ಇದ್ದಂಗೈತೆ. ದೊಡ್ಡದಾದ ಮೇಲೆ ಹೆಂಗಾಗತೈತ್ರಿ?" ಅಂದೆ. ಸುತ್ತ ನಿಂತವರೆಲ್ಲ ಗೊಳ್ಳೆಂದರು.

"ಅದೂ ಬೆಳೀತೈತೆ, ನೋಡ್ತಾ ಇರ್ರಿ," ಎಂದು ಅವರು ಕಾರಿಗೆ ಬೀಗ ಹಾಕಿ ಹೋದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಅದೇ ನನಗೆ ಸಿಟ್ಟು ತರಿಸಿತು.

ಒಂದು ವಾರದಲ್ಲಿ ಕಾರು ಬುಡನ್‌ಸಾಬ್ ಗ್ಯಾರೇಜಿಗೆ ಆಯಿಲ್ ಬದಲಾಯಿಸಲು ಬಂತು. ಬುಡನ್‌ಸಾಬ್ ನನಗಿಂತ ಹತ್ತು ವರ್ಷ ದೊಡ್ಡವರು. ಲಾರಿ, ಜೀಪು, ಟ್ರ್ಯಾಕ್ಟರು, ಯಾವುದರ ಹೊಟ್ಟೆಯಾದರೂ ಅವರಿಗೆ ಗೊತ್ತು. ಕಾರಿನ ಅಡಿಗೆ ನುಗ್ಗಿದವರು ಬಹಳ ಹೊತ್ತು ಹೊರಗೆ ಬರಲಿಲ್ಲ. ಆಮೇಲೆ ಮುಖವೆಲ್ಲ ಗ್ರೀಸು ಮಾಡಿಕೊಂಡು ತಲೆ ಹೊರಗೆ ಹಾಕಿದರು.

"ಏ ತಿಪ್ಪೇಶಿ, ಇದಕ್ಕೆ ಶಾಫ್ಟೇ ಇಲ್ಲ ಕಣೋ! ಇಂಜಿನ್ನಿನಿಂದ ಹಿಂದಿನ ಗಾಲಿಗೆ ಏನೂ ಹೋಗೇ ಇಲ್ಲ. ಹಡಗಿನಾಗೆ ಯಾರೋ ಬಿಚ್ಕೊಂಡಾರೆ!"

"ಮತ್ತೆ ಮದ್ರಾಸಿನಿಂದ ಇಲ್ಲೀತನಕ ಹೆಂಗೆ ಬಂತು?"

ಅದಕ್ಕೆ ಉತ್ತರ ಹುಡುಕುತ್ತ ಅವರು ಮತ್ತೆ ಅಡಿಗೆ ನುಗ್ಗಿದರು. ಸಂಜೆಗೆ ಗುಟ್ಟು ತಿಳಿಯಿತು. ನಮ್ಮ ಗಾಡಿಗಳನ್ನೆಲ್ಲ ಹಿಂದಿನ ಗಾಲಿಗಳು ನೂಕುತ್ತವೆ. ಇದನ್ನು ಮುಂದಿನ ಗಾಲಿಗಳೇ ಎಳೆಯುತ್ತವೆ. ನಾನು ಅದನ್ನೊಂದು ತಮಾಷೆ ಮಾಡಿ ಊರೆಲ್ಲ ಹೇಳಿದೆ. ಮನೆಗೆ ಹೋಗಿ ಅವ್ವನಿಗೂ ಹೇಳಿದೆ. ಅವ್ವ ಮೂಕಮ್ಮ ಹೆಸರಿಗೆ ಮಾತ್ರ ಮೂಕಮ್ಮ. "ಅದ್ರಾಗೆ ನಗಾಕೆ ಏನೈತೋ? ಎತ್ತು ಮುಂದೆ ಕಟ್ತಾರೋ, ಹಿಂದೆ ಕಟ್ತಾರೋ?" ಎಂದು ಮೊರ ಕೊಡವಿ ಒಳಗೆ ಹೋದಳು.

ನಮ್ಮ ಮನೆ ಇದ್ದದ್ದು ಬಿಳಿಚೋಡಿನಿಂದ ಎರಡು ಮೈಲಿ ಒಳಗೆ, ಹಳ್ಳದ ಆಚೆಯ ಹಟ್ಟಿಯಲ್ಲಿ. ಡಾಕ್ಟ್ರಮ್ಮ ಗುರುವಾರಕ್ಕೊಮ್ಮೆ ಬಿಳಿಚೋಡಿಗೆ ಬಂದು ರೋಗಿಗಳನ್ನು ನೋಡುತ್ತಿದ್ದರು. ಎಪ್ಪತ್ತೆಂಟರ ಒಂದು ಗುರುವಾರ, ಶೇಂಗಾ ಕಿತ್ತು ಒಣಹಾಕಿದ್ದ ಕಾಲ. ನನ್ನ ಹೆಂಡತಿ ಎರಡನೆಯ ಹೆರಿಗೆಗೆಂದು ತವರಿಗೆ ಹೋಗಿದ್ದಳು. ಬಾಡಿಗೆ ಕಾರು ಸಾಹುಕಾರರ ಮನೆಯ ಮದುವೆಗೆ ಹೋಗಿತ್ತು. ನಾನು ಮನೆಯಲ್ಲಿದ್ದೆ. ಅವ್ವ ಅಂಗಳದಲ್ಲಿ ಬೀಜದ ಶೇಂಗಾ ಸುಲಿಯುತ್ತಿದ್ದಳು, ಪಕ್ಕದಲ್ಲಿ ನನ್ನ ಎರಡು ವರ್ಷದ ಮಗಳು ಸುಂಕಲಮ್ಮ ಸಿಪ್ಪೆಯಲ್ಲಿ ಆಡುತ್ತಿದ್ದಳು. ಬಾಯಲ್ಲಿ ಕಾಳು ಇಟ್ಟುಕೊಂಡೇ ಏನೋ ಕಂಡು ನಕ್ಕಳು. ನಗು ಅರ್ಧಕ್ಕೇ ನಿಂತು ಕೆಮ್ಮಾಯಿತು. ಕೆಮ್ಮು ನಿಂತ ಮೇಲೆ ಉಸಿರಿಗೊಮ್ಮೆ ಸಿಳ್ಳೆ ಶುರುವಾಯಿತು. ತುಟಿ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗುತ್ತಿತ್ತು.

ಸೈಕಲ್ ತುಳಿದುಕೊಂಡು ಬಿಳಿಚೋಡಿಗೆ ಹೋದದ್ದು ನೆನಪಿದೆ, ದಾರಿ ನೆನಪಿಲ್ಲ. ಡಾಕ್ಟ್ರಮ್ಮ ನನ್ನನ್ನೂ ಕೂರಿಸಿಕೊಂಡು ಕಾರು ಹೊರಡಿಸಿದರು. ಹಟ್ಟಿಗೆ ಬಂದು ಮಗುವಿನ ಎದೆಗೆ ಸ್ಟೆತಾಸ್ಕೋಪ್ ಇಟ್ಟು ಕೇಳಿದರು.

"ಕಾಳು ಉಸಿರಿನ ಕೊಳವೆಗೆ ಹೋಗೈತೆ. ಇಲ್ಲಿ ನಾನು ತೆಗೆಯಾಕೆ ಆಗಲ್ಲ. ದಾವಣಗೆರೆ ದೊಡ್ಡ ಆಸ್ಪತ್ರೆಗೆ ಈಗಲೇ ಹೋಗ್ಬೇಕು. ಮಗೂನ ನಾನು ನೆಟ್ಟಗೆ ಹಿಡ್ಕೋತೀನಿ, ನೀವು ಕಾರು ಓಡಿಸ್ರಿ."

ಅಷ್ಟರಲ್ಲಿ ಒಂದು ಮಳೆ ಸುರಿದು ಹೋಗಿತ್ತು. ದೊಡ್ಡ ಮಳೆಯೇನಲ್ಲ, ಎರೆಮಣ್ಣನ್ನು ಬೆಣ್ಣೆ ಮಾಡುವಷ್ಟು. ಅವ್ವನನ್ನೂ ಹಿಂದೆ ಹತ್ತಿಸಿಕೊಂಡು ಹಳ್ಳಕ್ಕೆ ಇಳಿದೆವು, ತಳದ ಮರಳಿನ ಮೇಲೆ ದಾಟಿದೆವು, ಆಚೆಯ ಏರಿನಲ್ಲಿ ಕಾರು ನಿಂತಿತು. ಮುಂದಿನ ಗಾಲಿಗಳು ಗರಗರ ತಿರುಗಿ ಗಾಜಿಗೆಲ್ಲ ಕೆಸರು ಎರಚಿದವು. ಕಾರು ಜಾರುತ್ತ ವಾಪಸು ಮರಳಿಗೆ ಬಂತು. ಮಗುವನ್ನು ಹೊತ್ತುಕೊಂಡು ಏರು ಹತ್ತುವುದು ಕಷ್ಟವಲ್ಲ. ಆದರೆ ಕಾರಿಲ್ಲದೆ ಮೇಲೆ ಹತ್ತಿ ಮಾಡುವುದೇನು? ಬಸ್ಸು ಇದ್ದದ್ದು ಸಂಜೆಗೆ.

ಕೆಸರಲ್ಲಿ ಗಾಡಿ ಜಾರಿದರೆ ಹಿಂದೆ ಭಾರ ಹೇರು. ಇದು ನಮ್ಮ ಕಡೆಯ ಡ್ರೈವರುಗಳ ವೇದ. ಜೀಪಿರಲಿ, ಬಾಡಿಗೆ ಕಾರಿರಲಿ, ನಾನು ಸಾವಿರ ಸಲ ಹಾಗೇ ಹತ್ತಿಸಿದ್ದೆ. ಹಳ್ಳದಲ್ಲಿದ್ದ ದಪ್ಪ ಕಲ್ಲುಗಳನ್ನು ಆರಿಸಿ ಡಿಕ್ಕಿಗೆ ಹಾಕಿದೆ. ಕುರಿ ಮೇಯಿಸುತ್ತಿದ್ದ ಇಬ್ಬರನ್ನು ಕೂಗಿ ಕರೆದು ಅವ್ವನ ಪಕ್ಕ ಹಿಂದಿನ ಸೀಟಿಗೆ ತುಂಬಿದೆ. ಡಾಕ್ಟ್ರಮ್ಮ ಏನೋ ಹೇಳಲು ಬಂದರು. "ನೀವು ಮಗೂನ ನೋಡ್ಕೊಳ್ರಿ, ಗಾಡಿ ವಿಚಾರ ನನಗೆ ಬಿಡ್ರಿ," ಎಂದು ಅವರ ಬಾಯಿ ಮುಚ್ಚಿಸಿದೆ. ಈ ಸಲ ಕಾರು ಮೊದಲು ಹತ್ತಿದಷ್ಟೂ ಹತ್ತಲಿಲ್ಲ. ಮೂಗು ಮೇಲೆತ್ತಿಕೊಂಡು ನಿಂತಲ್ಲೇ ಕೆಸರು ಉಗುಳಿತು. ನಾನು ಇನ್ನೂ ನಾಲ್ಕು ಕಲ್ಲು ತರಲು ಇಳಿದೆ. ನನ್ನ ಬುದ್ಧಿ ಅಷ್ಟು.

ಮಗಳ ಸಿಳ್ಳೆ ಸಣ್ಣದಾಗುತ್ತಿತ್ತು. ಅದು ಒಳ್ಳೆಯದಕ್ಕಲ್ಲ ಎಂಬುದು ಡಾಕ್ಟ್ರಮ್ಮನ ಮುಖ ನೋಡಿದರೆ ಗೊತ್ತಾಗುತ್ತಿತ್ತು.

ಆಗ ಅವ್ವ ಒಳಗಿಂದ ಕೂಗಿದಳು. "ಏ ಮುಂಡೇದೇ, ಕಲ್ಲು ಬಿಸಾಕೋ! ಗಾಡಿ ಹಿಂಭಾರ ಆಗೈತೆ! ನೊಗ ಮೇಲೆದ್ದು ಎತ್ತಿನ ಕಾಲು ನೆಲಕ್ಕೆ ಹತ್ತವಲ್ದು. ಎತ್ತು ಮುಂದೈತೆ ಅಂತ ನೀನೇ ಹೇಳಿದ್ಯಲ್ಲೋ!"

ಗಾಡಿ ಕಟ್ಟಿದ ಮನೆಯವರಿಗೆಲ್ಲ ಗೊತ್ತಿರುವ ವಿಚಾರ. ಚೀಲ ಹಿಂದಕ್ಕೆ ಹೇರಿದರೆ ನೊಗ ಕಟ್ಟುವ ಮೂಕಿ ಎದ್ದು ನಿಲ್ಲುತ್ತದೆ, ಎತ್ತಿಗೆ ಹಿಡಿತ ಸಿಗುವುದಿಲ್ಲ. ಹುಟ್ಟಿದಾಗಿನಿಂದ ಅದನ್ನು ಕಂಡವನು ನಾನು. ಸ್ಟೇರಿಂಗ್ ಹಿಡಿದ ಮೇಲೆ ಮರೆತಿದ್ದೆ. ಏರಿನಲ್ಲಿ ಭಾರ ಯಾವಾಗಲೂ ಕೆಳಗಿನ ಕಡೆಗೆ ಬೀಳುತ್ತದೆ. ಹಾಗಾದರೆ ಎಳೆಯುವ ಗಾಲಿ ಕೆಳಗಿರಬೇಕು.

"ಡಾಕ್ಟ್ರಮ್ಮ, ಇದನ್ನ ತಿರುಗಿಸಿ ರಿವರ್ಸಿನಾಗೆ ಹತ್ತಿಸಿದ್ರೆ?"

"ಅದನ್ನೇ ಹೇಳಾಕೆ ಬಂದಿದ್ದೆ ಕಣ್ರಿ," ಅಂದರು.

ಕಲ್ಲು ಹೊರಗೆ ಎಸೆದೆವು. ಕುರಿಯವರೂ ಅವ್ವನೂ ಇಳಿದರು. ಮರಳಿನ ಮೇಲೆ ಕಾರು ತಿರುಗಿಸಿ, ಬೆನ್ನನ್ನು ಏರಿಗೆ ಕೊಟ್ಟು ರಿವರ್ಸ್ ಹಾಕಿದೆ. ಕತ್ತು ತಿರುಗಿಸಿ ಹಿಂದಿನ ಗಾಜಿನಲ್ಲಿ ಏರು ನೋಡುತ್ತ ಕೂತೆ. ಬಾನೆಟ್ಟಿನ ಎರಡು ಮೂಲೆಗೂ ಕುರಿಯವರು ಭಾರ ಬಿಟ್ಟು ನೂಕಿದರು, ಅವರ ನಡುವೆ ಅರವತ್ತು ದಾಟಿದ ಅವ್ವ ಸೀರೆ ಕಚ್ಚೆ ಹಾಕಿ ಅಂಗೈ ಕೊಟ್ಟಿದ್ದಳು. ಗಾಲಿ ಒಮ್ಮೆ ಜಾರಿತು, ಎರಡನೇ ಸಲ ಕಚ್ಚಿತು. ಆಮೇಲೆ ಆ ಗಿಡ್ಡ ಕಾರು ಹಿಂದು ಹಿಂದಕ್ಕೇ ಏರನ್ನು ಹತ್ತಿ ಗಟ್ಟಿ ನೆಲಕ್ಕೆ ಬಂದು ನಿಂತಿತು. ಕೆಳಗೆ ಅವ್ವ ಮೈಯೆಲ್ಲ ಕೆಸರಾಗಿ ನಿಂತು, "ನಾನು ಬರಾದು ಬ್ಯಾಡ, ಹೋಗ್ರೋ, ಹೋಗ್ರೋ," ಎಂದು ಕೈ ಬೀಸುತ್ತಿದ್ದಳು.

ಗಟ್ಟಿ ರಸ್ತೆಯ ಮೇಲೆ ಆ ಮರಿ ಓಡಿದ್ದನ್ನು ನಾನು ಯಾರಿಗೆ ಹೇಳಿದರೂ ನಂಬುವುದಿಲ್ಲ. ನನ್ನ ದೊಡ್ಡ ಕಾರು ವಾಲಾಡುವ ತಿರುವುಗಳಲ್ಲಿ ಅದು ನೆಲಕ್ಕೆ ಅಂಟಿಕೊಂಡೇ ತಿರುಗಿತು. ಕಾಲು ಇಟ್ಟರೆ ಸಾಕು, ಹೊರಟುಬಿಡುತ್ತಿತ್ತು. ದಾವಣಗೆರೆಯಲ್ಲಿ ಸಣ್ಣ ಕೊಳವೆ ಇಳಿಸಿ ಶೇಂಗಾದ ಅರ್ಧ ಬೇಳೆ ತೆಗೆದರು. ಇನ್ನೂ ಸ್ವಲ್ಪ ತಡವಾಗಿದ್ದರೆ ಎಂದು ಅಲ್ಲಿನ ಡಾಕ್ಟರು ಶುರುಮಾಡಿದ ಮಾತನ್ನು ಕಸ್ತೂರಮ್ಮನವರು ಕೈಸನ್ನೆಯಲ್ಲೇ ನಿಲ್ಲಿಸಿದರು. ನಾನು ಆಸ್ಪತ್ರೆಯ ಅಂಗಳಕ್ಕೆ ಬಂದು ಹಳದಿ ಕಾರಿನ ಮುಂದೆ ಕೂತು ಅತ್ತೆ. ನಕ್ಕಿದ್ದಕ್ಕೆ ತಪ್ಪಾಯಿತು ಅಂದೆ. ಕಾರಿಗೆ ಹೇಳಿದೆನೋ, ಅದರ ಒಡತಿಗೆ ಹೇಳಿದೆನೋ, ಇಬ್ಬರಿಗೂ ಇರಲಿ.

"ನಿಮ್ಮ ಋಣ ಹೆಂಗೆ ತೀರಿಸ್ಲಿ ಅಮ್ಮಾ?" ಎಂದು ಕೇಳಿದ್ದಕ್ಕೆ ಅವರು, "ನಿಮ್ಮವ್ವನ ಕೇಳ್ರಿ, ಏರು ಹತ್ತಿಸಿದೋರು ಅವರು," ಅಂದರು. ಅವ್ವನನ್ನು ಕೇಳಿದರೆ, "ಆ ಎತ್ತಿನ ಕಾಲು ತೊಳಿ," ಅಂದಳು. ಅಂದಿನಿಂದ ಪ್ರತಿ ಭಾನುವಾರ ಹಳದಿ ಕಾರನ್ನು ತೊಳೆಯುವುದು ನನ್ನ ಕೆಲಸವಾಯಿತು. ಆಯುಧಪೂಜೆಯ ದಿನ ಅವ್ವ ತಾನೇ ಜಗಳೂರಿಗೆ ಬಂದು ಅದಕ್ಕೆ ಕುಂಕುಮ ಹಚ್ಚುತ್ತಿದ್ದಳು, ಮುಂದಿನ ಎರಡು ಗಾಲಿಗೆ ಮಾತ್ರ. ಹಿಂದಿನವು ಏನು ಮಾಡಿದ್ದವು ಹೇಳಿ?

ಎಂಬತ್ತರಲ್ಲಿ ಡಾಕ್ಟ್ರಮ್ಮನಿಗೆ ಮಲೇಷ್ಯಾದ ಗೆಳತಿಯಿಂದ ಬಣ್ಣದ ಚಿತ್ರದ ಪುಸ್ತಕವೊಂದು ಬಂತು. ಅದೇ ಕಾರಿನ ಹೊಸ ರೂಪ. "ನೋಡ್ರಿ ತಿಪ್ಪೇಶಪ್ಪ, ದೊಡ್ಡದಾದ ಮೇಲೆ ಹೆಂಗಾಗತೈತೆ ಅಂತ ಕೇಳಿದ್ರಲ್ಲ!" ಮೈ ತುಂಬಿಕೊಂಡಿತ್ತು, ಮೂಗು ಉದ್ದವಾಗಿತ್ತು. ಎಂಬತ್ತನಾಲ್ಕರಲ್ಲಿ ಇನ್ನೊಂದು ಚಿತ್ರ ಬಂತು. ಬೆನ್ನು ಕತ್ತರಿಸಿದ ಹಾಗೆ ಚಪ್ಪಟೆ, ದೀಪ ಚೌಕ, ಓಟಕ್ಕೆ ನಿಂತ ಹೋರಿಯ ಹಾಗೆ ನೆಲಕ್ಕೆ ತಗ್ಗಿತ್ತು. ಬುಡನ್‌ಸಾಬ್ ಹಳದಿ ಕಾರಿನ ಒಂದು ಫೋಟೋದ ಜೊತೆ ಎಲ್ಲವನ್ನೂ ಗ್ಯಾರೇಜಿನ ಗೋಡೆಗೆ ಸಾಲಾಗಿ ಅಂಟಿಸಿ, "ಇದು ಅಪ್ಪ, ಇದು ಮಗ, ಇದು ಮೊಮ್ಮಗ," ಎಂದು ಬಂದವರಿಗೆಲ್ಲ ಪರಿಚಯ ಮಾಡಿಸುತ್ತಿದ್ದರು. ಅವ್ವನದು ಪ್ರತಿ ಚಿತ್ರಕ್ಕೂ ಒಂದೇ ಪ್ರಶ್ನೆ. "ಎತ್ತು ಮುಂದೇನೇ ಅದಾವೇನು?" ಹೌದೆಂದರೆ ಅವಳಿಗೆ ಸಮಾಧಾನ. ಆ ‘ಮೊಮ್ಮಗ’ ಕಾರಿನ ಚಿತ್ರ ನೋಡಿದ ಮರುವರ್ಷ ಅವ್ವ ತೀರಿಕೊಂಡಳು.

ಎಂಬತ್ತೆಂಟರ ಹೊತ್ತಿಗೆ ಹಳದಿ ಕಾರಿಗೆ ಬಿಡಿಭಾಗ ಸಿಗುವುದು ನಿಂತಿತು. ಡಾಕ್ಟ್ರಮ್ಮ ಬಿಳಿಯ ಮಾರುತಿ ತಂದರು. ಜಪಾನಿನ ಬೇರೆ ಕಂಪನಿಯ ನಂಟಂತೆ, ನಮ್ಮ ದೇಶದಲ್ಲೇ ಹುಟ್ಟಿದ್ದು. ಬುಡನ್‌ಸಾಬ್ ಅಡಿಗೆ ನುಗ್ಗಿ ನೋಡಿ, "ಇದಕ್ಕೂ ಶಾಫ್ಟ್ ಇಲ್ಲ, ನಮ್ಮ ಜಾತಿದೇ," ಎಂದು ಘೋಷಿಸಿದರು. ಅದರ ಪೂಜೆಗೆ ಡಾಕ್ಟ್ರಮ್ಮ ನನ್ನ ಮನೆಯವರನ್ನೆಲ್ಲ ಕರೆದಿದ್ದರು.

ಸುಂಕಲಮ್ಮನಿಗೆ ಆಗ ಹನ್ನೆರಡು. ಲಂಗ ಮಡಚಿ ಕೂತು ಮುಂದಿನ ಎರಡು ಗಾಲಿಗೆ ಅರಿಶಿನ ಕುಂಕುಮ ಹಚ್ಚಿ ಎದ್ದಳು.

"ಹಿಂದಿನವಕ್ಕೂ ಹಚ್ಚೇ," ಎಂದೆ, ಪರೀಕ್ಷೆ ಮಾಡಲೆಂದೇ.

"ಅಜ್ಜಿ ಬೈತಾಳೆ," ಅಂದಳು.

ಆಮೇಲೆ ಧೂಪದ ಕೆಂಡ ಆರುತ್ತಿತ್ತೆಂದು ತಟ್ಟೆಯನ್ನು ಮುಖದ ಹತ್ತಿರ ತಂದು ಎದೆ ತುಂಬ ಉಸಿರು ಎಳೆದುಕೊಂಡಳು. ಡಾಕ್ಟ್ರಮ್ಮ ಒಂದು ಕಡೆಗೆ ತಲೆ ಓರೆ ಮಾಡಿ ಕೇಳುತ್ತಿದ್ದರು, ನಾನೂ ಕೇಳುತ್ತಿದ್ದೆ. ಮಗಳು ಉಫ್ ಎಂದು ಊದಿದಳು, ಮತ್ತೆ ಎಳೆದುಕೊಂಡು ಮತ್ತೆ ಊದಿದಳು. ಸಿಳ್ಳೆ ಇರಲಿಲ್ಲ. ಕೆಂಡ ಕೆಂಪಗಾಯಿತು.